ಯಾರದು ಸರಿ? – ಪ್ರಹ್ಲಾದನ ತೀರ್ಪಿನಿಂದ ಒಂದು ಪಾಠ



ಹೋದ ತಿಂಗಳ ಸತ್ಸಂಗದಲ್ಲಿ ನಾನು ಆಡಿದ ನಾಲ್ಕು ಮಾತುಗಳನ್ನು ಈ ಸಂಚಿಕೆಗೆ ಬರೆದು ಕೊಡಬೇಕೆಂದು ಸಂಪಾದಕರು ಕೇಳಿದರು. ನಾನು ಪಂಡಿತನಲ್ಲ, ಗುರುಮುಖೇನ ಶಾಸ್ತ್ರಾಭ್ಯಾಸ ಮಾಡಿದವನೂ ಅಲ್ಲ. ಹಿರಿಯರಿಂದ ಕೇಳಿದ್ದು, ಮಹಾಭಾರತ ಓದುವಾಗ ಮನಸ್ಸಿಗೆ ತೋಚಿದ್ದು ಇಷ್ಟೇ ನನ್ನ ಬಂಡವಾಳ. ಅಂದು ಸಭೆಯಲ್ಲಿ ಹೇಳಲು ಧೈರ್ಯ ಸಾಲದೆ ಬಿಟ್ಟ ಒಂದು ವಿಷಯವನ್ನೂ ಇಲ್ಲಿ ಸೇರಿಸಿದ್ದೇನೆ.

ಈ ಮಾತು ಶುರುವಾದದ್ದು ನಮ್ಮ ಭಾನುವಾರದ ಬಾಲವಿಹಾರದಲ್ಲಿ. ಮಕ್ಕಳಿಗೆ ದ್ಯೂತಪ್ರಸಂಗದ ಕಥೆ ಹೇಳುತ್ತಿದ್ದೆ. ಧರ್ಮರಾಯ ಎಲ್ಲವನ್ನೂ ಸೋತ, ತನ್ನನ್ನೂ ಸೋತ, ಕೊನೆಗೆ ದ್ರೌಪದಿಯನ್ನೂ ಪಣಕ್ಕಿಟ್ಟು ಸೋತ. ಸಭೆಗೆ ಎಳೆದು ತಂದಾಗ ದ್ರೌಪದಿ ಒಂದೇ ಪ್ರಶ್ನೆ ಕೇಳಿದಳು: ಮೊದಲು ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಅಧಿಕಾರ ಎಲ್ಲಿಂದ ಬಂತು? ಭೀಷ್ಮರು ಧರ್ಮ ಬಹಳ ಸೂಕ್ಷ್ಮ, ಇದಕ್ಕೆ ಉತ್ತರ ಹೇಳಲಾರೆ ಎಂದುಬಿಟ್ಟರು. ಅಷ್ಟರಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿ, “ಅಂಕಲ್, ಹಾಗಾದರೆ ಅಲ್ಲಿ ಯಾರು ರೈಟ್?” ಎಂದು ಕೇಳಿದಳು.

ಉತ್ತರವನ್ನು ನಾನು ಹೇಳುವ ಬದಲು ಮಕ್ಕಳನ್ನೇ ಕೇಳಿದೆ. ಕೊಟ್ಟ ಮಾತಿಗೆ ತಪ್ಪಲಿಲ್ಲವಲ್ಲ, ಧರ್ಮರಾಯನೇ ರೈಟ್ ಎಂದ ಒಬ್ಬ. ಹಸ್ತಿನಾವತಿಯ ಸಿಂಹಾಸನವನ್ನು ಕಾಯುತ್ತೇನೆ ಎಂದು ಪ್ರತಿಜ್ಞೆ ಮಾಡಿದವರು, ರಾಜನ ವಿರುದ್ಧ ಮಾತಾಡುವುದು ಹೇಗೆ, ಭೀಷ್ಮರು ರೈಟ್ ಎಂದ ಇನ್ನೊಬ್ಬ. ದುರ್ಯೋಧನನ ಸ್ವಂತ ತಮ್ಮನಾಗಿದ್ದರೂ ಎದ್ದು ನಿಂತು ಇದು ಅನ್ಯಾಯ ಎಂದ ವಿಕರ್ಣನೇ ರೈಟ್ ಎಂದಳು ಮೊದಲು ಕೇಳಿದ ಹುಡುಗಿ. ನನಗೆ ಆಶ್ಚರ್ಯವಾಯಿತು. ನಾವು ದೊಡ್ಡವರು ‘ನಾನು ಸರಿ’ ಎನ್ನುವಾಗ ಬೆರೆಸಿಬಿಡುವ ಮೂರು ಬೇರೆ ಬೇರೆ ವಿಷಯಗಳನ್ನು ಆ ಮಕ್ಕಳು ಬಿಡಿಸಿ ಇಟ್ಟಿದ್ದರು. ನನ್ನ ಮಾತು, ನನ್ನ ವ್ರತ ಉಳಿಯಿತೇ ಎನ್ನುವುದು ಒಂದು. ನನ್ನ ಪಕ್ಷಕ್ಕೆ, ನನ್ನ ರಾಜ್ಯಕ್ಕೆ ನಿಷ್ಠನಾಗಿದ್ದೇನೆಯೇ ಎನ್ನುವುದು ಇನ್ನೊಂದು. ಕಣ್ಣೆದುರಿಗೆ ಒಬ್ಬರಿಗೆ ನ್ಯಾಯ ಸಿಕ್ಕಿತೇ ಎನ್ನುವುದು ಮೂರನೆಯದು. ಆ ಸಭೆಯಲ್ಲಿ ಮೊದಲಿನ ಎರಡಕ್ಕೂ ಕೊರತೆ ಇರಲಿಲ್ಲ. ಮೂರನೆಯದು ಇಲ್ಲದ್ದರಿಂದ ಕುರುಕ್ಷೇತ್ರವೇ ನಡೆಯಬೇಕಾಯಿತು.

ನಮ್ಮ ಕನ್ನಡದ ‘ಸರಿ’ ಎನ್ನುವ ಪದವನ್ನು ಒಮ್ಮೆ ಯೋಚಿಸಿ ನೋಡಿ. ಲೆಕ್ಕ ಸರಿ ಇದೆ ಎಂದರೆ ತಪ್ಪಿಲ್ಲ ಎಂದರ್ಥ. ಸರಿಸಮ, ಸರಿಪಾಲು ಎನ್ನುವಾಗ ಅದೇ ಪದಕ್ಕೆ ಸಮಾನ ಎನ್ನುವ ಅರ್ಥ. ಬಸ್ಸಿನಲ್ಲಿ ಕುಳಿತವರಿಗೆ “ಸ್ವಲ್ಪ ಸರಿಯಿರಿ” ಎಂದರೆ ಪಕ್ಕಕ್ಕೆ ಜರುಗಿ ಇನ್ನೊಬ್ಬರಿಗೆ ಜಾಗ ಕೊಡಿ ಎಂದು. ಇವುಗಳ ಮೂಲ ಒಂದೇ ಎಂದು ನಾನು ಹೇಳುತ್ತಿಲ್ಲ, ಅದು ವಿದ್ವಾಂಸರ ಕೆಲಸ. ಆದರೆ ಮನುಷ್ಯ ಸರಿಯಾಗಿ ಇರಬೇಕಾದರೆ ಈ ಮೂರೂ ಬೇಕು. ಇದನ್ನು ನನಗೆ ತೋರಿಸಿಕೊಟ್ಟದ್ದು ಅದೇ ದ್ಯೂತಸಭೆಯಲ್ಲಿ ವಿದುರ ಹೇಳಿದ ಒಂದು ಉಪಕಥೆ. ದ್ರೌಪದಿಯ ಗೋಳಿನ ನಡುವೆ ನಮ್ಮ ಗಮನ ಅದರ ಕಡೆಗೆ ಹೋಗುವುದು ಕಡಿಮೆ.

ವಿಕರ್ಣನ ಮಾತನ್ನು ಕರ್ಣ ಹೀಯಾಳಿಸಿ ಕೂರಿಸಿದ್ದಾಯಿತು, ವಸ್ತ್ರಾಪಹರಣದ ಘೋರವೂ ನಡೆದುಹೋಯಿತು. ಆಗ ವಿದುರ ಎರಡೂ ಕೈ ಎತ್ತಿ ಸಭೆಯ ಗದ್ದಲ ನಿಲ್ಲಿಸಿ ಹೇಳುತ್ತಾನೆ. ಪ್ರಹ್ಲಾದನ ಮಗ ವಿರೋಚನ. ಅಂಗಿರಸ ಋಷಿಯ ಮಗ ಸುಧನ್ವ. ಒಬ್ಬ ಕನ್ಯೆಯ ನಿಮಿತ್ತ ಇಬ್ಬರಿಗೂ ಜಗಳ ಬಂತು. ನಾನು ಶ್ರೇಷ್ಠ, ನಾನು ಶ್ರೇಷ್ಠ ಎಂದು ವಾದ ಬೆಳೆದು, ಇಬ್ಬರೂ ತಮ್ಮ ಪ್ರಾಣವನ್ನೇ ಪಣವಾಗಿಟ್ಟರು. ತೀರ್ಪು ಕೇಳಲು ಹೋದದ್ದು ಯಾರ ಬಳಿಗೆ? ವಿರೋಚನನ ತಂದೆ ಪ್ರಹ್ಲಾದನ ಬಳಿಗೇ.

ಆ ತಂದೆಯ ಸಂಕಟವನ್ನು ಊಹಿಸಿಕೊಳ್ಳಿ. ನಿಜ ಹೇಳಿದರೆ ಮಗನ ಪ್ರಾಣ ಹೋಗುತ್ತದೆ. ಸುಳ್ಳು ಹೇಳಿದರೂ, ಏನೂ ಹೇಳದೆ ಕುಳಿತರೂ ಇಂದ್ರನ ವಜ್ರದಿಂದ ನಿನ್ನ ತಲೆ ನೂರು ಹೋಳಾದೀತು ಎಂದು ಸುಧನ್ವ ಎಚ್ಚರಿಸಿದ್ದಾನೆ. ಪ್ರಹ್ಲಾದ ನಡುಗುತ್ತ ಕಶ್ಯಪರ ಬಳಿಗೆ ಹೋದ. ಉತ್ತರ ಗೊತ್ತಿದ್ದೂ ಹೇಳದವನ ಗತಿಯೇನು ಎಂದು ಕೇಳಿದ. ಕಶ್ಯಪರು ಹೇಳಿದ್ದರ ಸಾರ ಇದು: ಆಸೆಯಿಂದಲೋ ಕೋಪದಿಂದಲೋ ಭಯದಿಂದಲೋ ಉತ್ತರ ನುಂಗಿಕೊಂಡವನು ತನ್ನನ್ನು ತಾನೇ ವರುಣನ ಸಾವಿರ ಪಾಶಗಳಿಂದ ಬಿಗಿದುಕೊಳ್ಳುತ್ತಾನೆ, ಒಂದು ಪಾಶ ಕಳಚಲು ಒಂದು ವರ್ಷ ಬೇಕು. ನಿಂದಿಸಬೇಕಾದದ್ದನ್ನು ಸಭೆ ನಿಂದಿಸದೆ ಬಿಟ್ಟರೆ, ಆ ಪಾಪದ ಅರ್ಧ ಪಾಲು ಸಭೆಯ ಹಿರಿಯನಿಗೆ, ಕಾಲು ಪಾಲು ತಪ್ಪು ಮಾಡಿದವನಿಗೆ, ಉಳಿದ ಕಾಲು ಪಾಲು ಸುಮ್ಮನೆ ಕುಳಿತ ಸಭಾಸದರಿಗೆ.

ಈ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಸುಮ್ಮನೆ ಕುಳಿತವರಿಗೂ ಮಾಡಿದವನಿಗೂ ಪಾಲು ಸರಿಸಮ! “ನಾನೇನೂ ಮಾಡಲಿಲ್ಲಪ್ಪ, ನನಗ್ಯಾಕೆ ಊರ ಉಸಾಬರಿ” ಎನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಪ್ರಹ್ಲಾದ ಹಿಂತಿರುಗಿ ಬಂದು ಮಗನಿಗೆ ಹೇಳಿದ: ಸುಧನ್ವ ನಿನಗಿಂತ ಶ್ರೇಷ್ಠ. ಅವನ ತಂದೆ ನನಗಿಂತ ಶ್ರೇಷ್ಠ, ಅವನ ತಾಯಿ ನಿನ್ನ ತಾಯಿಗಿಂತ ಶ್ರೇಷ್ಠಳು. ಇನ್ನು ನಿನ್ನ ಪ್ರಾಣಕ್ಕೆ ಅವನೇ ಒಡೆಯ. ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಬರೀ ನ್ಯಾಯದ ಕಥೆಯಾಗುತ್ತಿತ್ತು. ಆದರೆ ಗೆದ್ದ ಸುಧನ್ವ ಏನೆಂದ? ಪುತ್ರಸ್ನೇಹವನ್ನು ಬಿಟ್ಟು ಧರ್ಮದಲ್ಲಿ ನಿಂತೆಯಲ್ಲ ಪ್ರಹ್ಲಾದ, ಅದಕ್ಕಾಗಿ ನಿನ್ನ ಮಗನನ್ನು ಬಿಟ್ಟಿದ್ದೇನೆ, ನೂರು ವರ್ಷ ಬಾಳಲಿ ಎಂದ. ಪಣ ಗೆದ್ದಿದ್ದ, ಅದು ಅವನ ಹಕ್ಕಾಗಿತ್ತು, ಆದರೂ ವಸೂಲಿ ಮಾಡಲಿಲ್ಲ.

ಈ ಕಥೆಯಿಂದ ನಾನು ಮೂರು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ. ‘ನಾನು ಸರಿ’ ಎಂದು ಬಲವಾಗಿ ಅನ್ನಿಸಿದಾಗಲೆಲ್ಲ ಇವನ್ನು ಕೇಳಿಕೊಳ್ಳಬೇಕು.

ಮೊದಲನೆಯದು ಪ್ರಹ್ಲಾದನ ಪ್ರಶ್ನೆ. ಇದೇ ತಪ್ಪನ್ನು ನನ್ನವರು ಮಾಡಿದ್ದರೆ ಇದೇ ತೀರ್ಪು ಕೊಡುತ್ತಿದ್ದೆನೇ?

ರಾಜಕೀಯದ ಮಾತು ಬಂದಾಗ ಇದು ಬಹಳ ಮುಖ್ಯ. ಈ ದೇಶದ ಚುನಾವಣೆ, ಆ ದೇಶದ ಚುನಾವಣೆ ಎರಡೂ ನಮ್ಮ ಊಟದ ಮೇಜಿನ ಮೇಲೆ ಬಂದು ಕೂರುತ್ತವೆ. ಅಣ್ಣ ಒಂದು ಕಡೆ, ಭಾವ ಇನ್ನೊಂದು ಕಡೆ. ವಾಟ್ಸಾಪ್ ಗುಂಪಿನಿಂದ ಸೋದರತ್ತೆ ಮಗ ಹೊರಗೆ ಹೋಗಿದ್ದಾನೆ, ಮಾತಿಲ್ಲ ಕಥೆಯಿಲ್ಲ. ಯಾವ ಪಕ್ಷ ಸರಿ ಎಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಎದುರು ಪಕ್ಷದ ನಾಯಕ ಆಡಿದರೆ ರಕ್ತ ಕುದಿಯುವ ಮಾತನ್ನು ನಮ್ಮ ನಾಯಕ ಆಡಿದಾಗ “ಅದರ ಹಿನ್ನೆಲೆ ನೋಡಬೇಕು” ಎನ್ನುತ್ತೇವಾದರೆ, ನಾವು ಹೇಳುತ್ತಿರುವುದು ತೀರ್ಪಲ್ಲ, ನಮ್ಮವರ ಪರವಾದ ವಕಾಲತ್ತು.

ನಮ್ಮ ನಾಡಿನಲ್ಲಿ ಈ ಪರೀಕ್ಷೆಯಲ್ಲಿ ಗೆದ್ದವರಿದ್ದಾರೆ. ಮಂಗಳೂರಿನಲ್ಲಿ ವಕೀಲರಾಗಿದ್ದ ಕುದ್ಮುಲ್ ರಂಗರಾಯರು (1859–1928) ಸಾರಸ್ವತ ಬ್ರಾಹ್ಮಣ ಮನೆತನದವರು. ಅಸ್ಪೃಶ್ಯರೆಂದು ದೂರವಿಟ್ಟಿದ್ದ ಜನರ ಮಕ್ಕಳಿಗೆ ಶಾಲೆ ತೆರೆದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಅವರ ಸ್ವಂತ ಜನರೇ ಅವರಿಗೆ ಬಹಿಷ್ಕಾರ ಹಾಕಿದರು. ಬ್ರಿಟಿಷರ ತಪ್ಪನ್ನು ಎತ್ತಿ ಆಡಿದ್ದರೆ ಅದೇ ಜನ ಹಾರ ಹಾಕುತ್ತಿದ್ದರೋ ಏನೋ. ಅವರು ನಮ್ಮ ಮನೆಯ ಅಂಗಳದ ತಪ್ಪನ್ನೇ ತೋರಿಸಿದರು. ಈ ದೇಶದಲ್ಲಿ ನಮ್ಮ ಮಕ್ಕಳನ್ನು ಬಣ್ಣ ನೋಡಿ ಅಳೆಯಬಾರದು ಎಂದು ಕೇಳುವ ನಾವು, ಮಕ್ಕಳ ಮದುವೆಯ ಮಾತು ಬಂದಾಗ ಏನೇನು ನೋಡಿ ಅಳೆಯುತ್ತೇವೆ ಎಂದು ಒಮ್ಮೆ ನೆನಪು ಮಾಡಿಕೊಳ್ಳೋಣ.

ಎರಡನೆಯದು ಕಶ್ಯಪರ ಪ್ರಶ್ನೆ. ಹೇಳಬೇಕಾದ ಕಡೆ ನಾನು ಸುಮ್ಮನಿದ್ದೇನೆಯೇ?

ಕಾನೂನಿನ ಪ್ರಕಾರ ಸರಿ ಎನ್ನಿಸಿಕೊಂಡದ್ದೆಲ್ಲ ನ್ಯಾಯವಲ್ಲ. ಇದು ನಮಗೇ ಆಗಿರುವ ಅನುಭವ. ಪಂಜಾಬಿನಿಂದ ಬಂದ ಭಗತ್ ಸಿಂಗ್ ಥಿಂಡ್ ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದವರು. ಆಗಿನ ಕಾನೂನಿನ ಮಾತಿನಲ್ಲಿ ಅವರು ‘ಬಿಳಿಯರು’ ಅಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಒಬ್ಬ ನ್ಯಾಯಾಧೀಶರೂ ಭಿನ್ನ ಮತ ಬರೆಯಲಿಲ್ಲ. ಅದಾದ ಮೇಲೆ, ಅಷ್ಟರಲ್ಲಾಗಲೇ ಪೌರತ್ವ ಪಡೆದಿದ್ದ ಕೆಲವು ಭಾರತೀಯರಿಂದಲೂ ಅದನ್ನು ಕಿತ್ತುಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ ನೂರು ಜನರಷ್ಟೇ ವಲಸೆ ಬರಬಹುದು ಎಂಬ ಮಿತಿಯೊಂದಿಗೆ. 1965ರ ವಲಸೆ ಕಾನೂನು ಹುಟ್ಟಿದ ದೇಶ ನೋಡಿ ಅಳೆಯುವ ಆ ಹಳೆಯ ಪದ್ಧತಿಯನ್ನು ತೆಗೆದುಹಾಕಿತು. ನಮ್ಮಲ್ಲಿ ಬಹುಪಾಲು ಜನ ಇಲ್ಲಿಗೆ ಬಂದದ್ದು ಅದು ತೆರೆದ ಬಾಗಿಲಿನಿಂದ.

ಆ ಕಾನೂನು ತಾನಾಗಿ ಆಕಾಶದಿಂದ ಇಳಿಯಲಿಲ್ಲ. ಈ ದೇಶದ ಕರಿಯ ಜನ ಅದಕ್ಕೆ ಮೊದಲು ಹಲವು ವರ್ಷ ಬೀದಿಗಿಳಿದು, ಏಟು ತಿಂದು, ಜೈಲಿಗೆ ಹೋಗಿ ಸಮಾನತೆಗಾಗಿ ಹೋರಾಡಿದ್ದರು. 1964ರಲ್ಲಿ ನಾಗರಿಕ ಹಕ್ಕುಗಳ ಕಾನೂನು ಬಂತು, ಅದೇ ಗಾಳಿಯಲ್ಲಿ ಮರುವರ್ಷ ವಲಸೆ ಕಾನೂನೂ ಬದಲಾಯಿತು. ಅವರು ಸಭೆಯಲ್ಲಿ ಸುಮ್ಮನೆ ಕೂರಲಿಲ್ಲ, ಅದರ ಫಲ ನಮಗೂ ಸಿಕ್ಕಿತು. ಹೀಗಿರುವಾಗ ಆಫೀಸಿನಲ್ಲೋ ನಮ್ಮ ಬೀದಿಯಲ್ಲೋ ಇನ್ನೊಬ್ಬರಿಗೆ ಅನ್ಯಾಯವಾದಾಗ “ನಮ್ಮ ವೀಸಾ, ನಮ್ಮ ಕೆಲಸ, ನಮ್ಮ ಪಾಡು” ಎಂದು ತಲೆ ತಗ್ಗಿಸುವುದು ಆ ಋಣವನ್ನು ಮರೆತಂತೆ. ಎಲ್ಲರೂ ಬೀದಿಗಿಳಿಯಬೇಕು ಎಂದಲ್ಲ. ಹೆದರಿಕೆ ನನಗೂ ಗೊತ್ತು, ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಕಾದವನು ನಾನು. ಆದರೆ ಹೆದರಿಕೆಯನ್ನು ಧರ್ಮ ಎಂದು ಕರೆಯುವುದು ಬೇಡ. ಭೀಷ್ಮರು ಹಾಗೆ ಮಾಡಿದ್ದರಿಂದ ಏನಾಯಿತು ಎಂದು ನೋಡಿದ್ದೇವೆ.

ಮೂರನೆಯದು ಸುಧನ್ವನ ಪ್ರಶ್ನೆ. ನಾನು ಸರಿ ಎಂದು ಸಾಬೀತಾದ ಮೇಲೆ ಎದುರಿನವರಿಂದ ಏನು ವಸೂಲಿ ಮಾಡುತ್ತೇನೆ?

ಇಲ್ಲಿ, ಸತ್ಸಂಗದಲ್ಲಿ ಹೇಳದೆ ಬಿಟ್ಟ ವಿಷಯಕ್ಕೆ ಬರುತ್ತೇನೆ. ಅನೇಕ ವರ್ಷಗಳ ಹಿಂದೆ ನಾನು ಒಂದು ಚಿಕ್ಕ ಭಜನಾ ಮಂಡಳಿಯ ಖಜಾಂಚಿಯಾಗಿದ್ದೆ. ಅಲ್ಲಿನ ಅಡುಗೆಯನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಹಿರಿಯರು. ಮಕ್ಕಳು ಅವರನ್ನು ‘ಅಡುಗೆ ತಾತ’ ಎನ್ನುತ್ತಿದ್ದರು. ಹಬ್ಬದ ದಿನ ಬೆಳಗಿನ ಐದಕ್ಕೇ ಬಂದು ಬೇಳೆ ಬೇಯಲು ಇಡುತ್ತಿದ್ದರು. ಅವರು ಮಾಡಿದ ಹುಳಿ ತಿಂದವರು ಇಂದಿಗೂ ಅದರ ಮಾತಾಡುತ್ತಾರೆ. ಒಂದು ವರ್ಷ ಲೆಕ್ಕ ನೋಡುವಾಗ ಅಡುಗೆ ಬಾಬತ್ತಿನಲ್ಲಿ ಸುಮಾರು ಒಂಬೈನೂರು ಡಾಲರಿಗೆ ರಸೀತಿ ಇರಲಿಲ್ಲ. ಭಕ್ತರು ಕೈಗೆ ಕೊಟ್ಟ ದುಡ್ಡನ್ನು ಡಬ್ಬಿಯಲ್ಲಿ ಹಾಕಿಕೊಂಡು, ಬೇಕಾದಾಗ ದಿನಸಿ ತಂದುಬಿಡುತ್ತಿದ್ದರು. ಅವರು ಒಂದು ಕಾಸು ತಿಂದವರಲ್ಲ, ಅದರ ಬಗ್ಗೆ ನನಗೆ ಅಂದೂ ಸಂಶಯವಿರಲಿಲ್ಲ. ಆದರೆ ದೇವರ ದುಡ್ಡಿಗೆ ಲೆಕ್ಕ ಬೇಕು, ನಿಯಮ ಎಲ್ಲರಿಗೂ ಒಂದೇ.

ಮೊದಲು ಮನೆಗೆ ಹೋಗಿ ಮಾತಾಡಿ ಎಂದು ಒಬ್ಬರು ಸೂಚಿಸಿದರು. ನಾನು ಕೇಳಲಿಲ್ಲ. ವಾರ್ಷಿಕ ಸಭೆಯಲ್ಲಿ ಎಲ್ಲರ ಎದುರಿಗೆ ಬಾಬತ್ತು ಬಾಬತ್ತಾಗಿ ಓದಿದೆ. ಅವರ ಮೊಮ್ಮಕ್ಕಳು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಅವರು ಎದ್ದು ನಿಂತು, “ನಿಮ್ಮ ಲೆಕ್ಕ ಸರಿ ಇದೆ” ಎಂದಷ್ಟೇ ಹೇಳಿ, ಅಡುಗೆಮನೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು. ಮತ್ತೆ ಬರಲಿಲ್ಲ.

ಇದರಲ್ಲಿ ನನ್ನ ಲೆಕ್ಕ ತಪ್ಪಾಗಿರಲಿಲ್ಲ. ಇಂದಿಗೂ ಅದು ಸರಿಯೇ. ಸುಮ್ಮನಿದ್ದಿದ್ದರೆ ಕಶ್ಯಪರು ಹೇಳಿದ ಕಾಲು ಪಾಲು ನನಗೂ ಬರುತ್ತಿತ್ತು. ಆದರೆ ಓದುವಾಗ ನನ್ನ ದನಿಯಲ್ಲಿ ಒಂದು ಸಂತೋಷವಿತ್ತು. ಅದು ನನಗೆ ಗೊತ್ತಿತ್ತು, ನನ್ನ ಹೆಂಡತಿಗೂ ಗೊತ್ತಾಯಿತು. ಕಾರಿನಲ್ಲಿ ಮನೆಗೆ ಬರುವಾಗ ಅವಳು ಒಂದು ಮಾತೂ ಆಡಲಿಲ್ಲ. ಇನ್ನೊಂದು ವಿಷಯ. ಅದೇ ವರ್ಷ ನನ್ನ ಷಡ್ಡಕರು ಮಗನ ಉಪನಯನಕ್ಕೆ ಹಾಲ್ ತೆಗೆದುಕೊಂಡು ಬಾಡಿಗೆ ಕೊಡಲು ನಾಲ್ಕು ತಿಂಗಳು ತಡ ಮಾಡಿದ್ದರು. ಅದನ್ನು ನಾನು ಯಾವ ಸಭೆಯಲ್ಲೂ ಓದಲಿಲ್ಲ. ಫೋನ್ ಮಾಡಿ ಮೆತ್ತಗೆ ನೆನಪಿಸಿದ್ದೆ. ಹಾಗೆ ನೆನಪಿಸಿದ್ದು ತಪ್ಪಲ್ಲ. ಅದೇ ಮೆತ್ತನೆಯ ಮಾತು ಆ ಹಿರಿಯರಿಗೂ ಸಲ್ಲಬೇಕಿತ್ತು. ಪ್ರಹ್ಲಾದನ ಪರೀಕ್ಷೆಯಲ್ಲಿ ನಾನು ಅಲ್ಲೇ ಸೋತಿದ್ದೆ. ಸುಧನ್ವನ ಪರೀಕ್ಷೆಯಲ್ಲೂ ಸೋತೆ. ರಸೀತಿ ಪುಸ್ತಕ ಇಡಿ ಎನ್ನುವುದಷ್ಟೇ ನ್ಯಾಯಕ್ಕೆ ಬೇಕಾಗಿತ್ತು. ಅದರ ಮೇಲೆ ಒಬ್ಬರ ಮಾನವನ್ನೂ ನಾನು ವಸೂಲಿ ಮಾಡಿದೆ.

ಹೋದ ವರ್ಷ ಯುಗಾದಿಯ ದಿನ ಧೈರ್ಯ ಮಾಡಿ ಅವರಿಗೆ ಫೋನ್ ಮಾಡಿದೆ. ಈಗ ಬೇರೆ ರಾಜ್ಯದಲ್ಲಿ ಮಗನ ಮನೆಯಲ್ಲಿದ್ದಾರೆ, ವಯಸ್ಸು ಎಂಬತ್ತು ದಾಟಿದೆ. ಕ್ಷಮಿಸಬೇಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: “ನೀವು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಹಿಂದಿನ ದಿನ ಅಡುಗೆಮನೆಗೆ ಬಂದು ಕೇಳಿದ್ದರೆ ಒಲೆ ಪಕ್ಕದಲ್ಲೇ ಕೂತು ಬರೆದುಕೊಡುತ್ತಿದ್ದೆ.” ಆಮೇಲೆ, “ಈಗ ಅಲ್ಲಿ ಹುಳಿಪುಡಿ ಯಾರು ಮಾಡ್ತಾರೆ?” ಎಂದು ಕೇಳಿದರು. ಅಂಗಡಿಯಿಂದ ತರುತ್ತಾರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ಅಮ್ಮನನ್ನು ಯಾರು ಎಷ್ಟು ದಿನ ನೋಡಿಕೊಂಡರು, ಊರಿನ ಮನೆಗೆ ಯಾರು ದುಡ್ಡು ಹಾಕಿದರು ಎಂಬ ವಿಷಯದಲ್ಲಿ ಅಣ್ಣತಮ್ಮಂದಿರಲ್ಲಿ ಒಬ್ಬರ ಲೆಕ್ಕ ಸರಿ ಇರಬಹುದು. ಮಗಳು ಆರಿಸಿಕೊಂಡ ಓದಿನ ಬಗ್ಗೆ ನಾವು ಕೊಟ್ಟ ಎಚ್ಚರಿಕೆ ಕೊನೆಗೆ ನಿಜವಾಗಿರಬಹುದು. ಆಗ “ನಾನು ಅವತ್ತೇ ಹೇಳಿರಲಿಲ್ವಾ?” ಎನ್ನುವ ಒಂದು ಮಾತು ನಾಲಿಗೆಯ ತುದಿಗೆ ಬರುತ್ತದಲ್ಲ, ಅದೇ ಪಣದ ವಸೂಲಿ. ಅದನ್ನು ನುಂಗಿಕೊಂಡರೆ ಸತ್ಯಕ್ಕೆ ಏನೂ ಕಡಿಮೆಯಾಗುವುದಿಲ್ಲ. ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಶ್ರೀಕೃಷ್ಣ ಮಾತಿನ ತಪಸ್ಸನ್ನು ಹೇಳುವಾಗ, ಮಾತು ಸತ್ಯವಾಗಿದ್ದರೆ ಸಾಕು ಎನ್ನುವುದಿಲ್ಲ. ಅದು ಕೇಳುವವರನ್ನು ಕಲಕಬಾರದು, ಪ್ರಿಯವಾಗಿರಬೇಕು, ಹಿತವಾಗಿರಬೇಕು ಎಂದು ಜೊತೆಗೇ ಸೇರಿಸುತ್ತಾನೆ. ಹಿತಕ್ಕಾಗಿ ಒಮ್ಮೊಮ್ಮೆ ಕಟುವಾದದ್ದನ್ನು ಹೇಳಲೇಬೇಕಾಗುತ್ತದೆ, ನಿಜ. ಅದನ್ನು ತಪಸ್ಸು ಎಂದದ್ದು ಸುಲಭವಲ್ಲ ಎನ್ನುವುದಕ್ಕೇ ಇರಬೇಕು.

ವಿದುರನ ಕಥೆ ಕೇಳಿದ ಮೇಲೂ ಆ ಸಭೆಯ ರಾಜರು ಬಾಯಿ ಬಿಡಲಿಲ್ಲ. ಮುಂದಿನದು ನಮಗೆಲ್ಲ ಗೊತ್ತಿದೆ. ಆದರೆ ಕಥೆಯೊಳಗಿನ ವಿರೋಚನ ಬದುಕಿಕೊಂಡ. ಆ ವಿರೋಚನನ ಮಗನೇ ಬಲಿ ಚಕ್ರವರ್ತಿ. ಇನ್ನು ಕೆಲವೇ ದಿನಗಳಲ್ಲಿ ಬಲಿಪಾಡ್ಯಮಿಯಂದು ನಮ್ಮ ಮನೆಗಳಲ್ಲಿ ದೀಪ ಹಚ್ಚಿ ನೆನೆಯುವುದು ಅವನನ್ನೇ. ಸುಧನ್ವ ಅಂದು ತನ್ನ ಹಕ್ಕನ್ನು ಚಲಾಯಿಸಿದ್ದರೆ ಆ ದಾನಶೂರ ಹುಟ್ಟುತ್ತಿದ್ದನೇ ಎಂದು ನನಗೆ ಅನೇಕ ಸಲ ಅನ್ನಿಸುತ್ತದೆ. ಗೆದ್ದವನೊಬ್ಬ ಸ್ವಲ್ಪ ಪಕ್ಕಕ್ಕೆ ಸರಿದ. ಆ ಜಾಗದಲ್ಲಿ ಒಂದು ಹಬ್ಬವೇ ಹುಟ್ಟಿತು.

ಈ ದೀಪಾವಳಿಗೆ ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ಫೋನ್ ಮಾಡೋಣ. ನಾವು ತಪ್ಪು ಮಾಡಿದವರಿಗೆ ಹೇಗೂ ಮಾಡಲೇಬೇಕು. ಈ ಸಲ, ಯಾರ ವಿಷಯದಲ್ಲಿ ನಾವು ಸರಿಯಾಗಿದ್ದೆವೋ ಅವರಿಗೂ ಮಾಡೋಣ. ವಾದವನ್ನು ಮತ್ತೆ ಎತ್ತುವುದು ಬೇಡ. ಹಬ್ಬಕ್ಕೆ ಏನು ಮಾಡುತ್ತಿದ್ದೀರಿ, ಆರೋಗ್ಯ ಹೇಗಿದೆ ಎಂದು ಕೇಳಿದರೆ ಸಾಕು. ನಾನು ಅಡುಗೆ ತಾತನಿಗೆ ಮತ್ತೆ ಮಾಡುವವನಿದ್ದೇನೆ. ಹುಳಿಪುಡಿಯ ಅಳತೆ ಬರೆದುಕೊಳ್ಳುವುದಿದೆ.

ಎಲ್ಲರಿಗೂ ಭಗವಂತ ಸನ್ಮತಿಯನ್ನೂ ಸನ್ಮಂಗಳವನ್ನೂ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು.